ಮಳೆಗಾಲದ ಗುಡ್ಡೆಗೆ ಯಾವ ಶೂ: ಐದು ಸಾವಿರದ್ದೋ, ಐನೂರರದ್ದೋ?

ಮೊದಲೇ ಹೇಳಿಬಿಡುತ್ತೇನೆ. ಕಾಸರಗೋಡಿನ ಮಳೆಯಲ್ಲಿ ಗುಡ್ಡೆ, ಕಾಡು, ಅರ್ಬಿ ಸುತ್ತುವುದಕ್ಕೆ ನನ್ನ ಆಯ್ಕೆ ಹಸಿರು ಕ್ಯಾನ್ವಾಸಿನ ಹಂಟರ್ ಶೂ. ಫಾರೆಸ್ಟ್ ವಾಚರುಗಳ ಕಾಲಲ್ಲಿ ನೋಡಿರುತ್ತೀರಿ, ಅದೇ. ನಾನು ಕೊಟ್ಟದ್ದು 480 ರೂಪಾಯಿ. ಅದಕ್ಕೂ ಮೊದಲು 5,200 ರೂಪಾಯಿ ಕೊಟ್ಟು ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ ತೆಗೆದುಕೊಂಡಿದ್ದೆ. ತೋಟದ ಗಮ್ ಬೂಟ್ ಹಾಕಿಯೂ ನಡೆದೆ. ಬೆಲ್ಟಿನ ಸ್ಯಾಂಡಲ್ಲೂ ಆಯಿತು. ಎರಡು ಮಳೆಗಾಲದಲ್ಲಿ ನಾಲ್ಕನ್ನೂ ಹಾಕಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಮಳೆಗಾಲ ಬಂದರೆ ನನಗೂ ಭಾವನಿಗೂ ಮನೆಯಲ್ಲಿ ಕೂತು ಗೊತ್ತಿಲ್ಲ. ಎಲ್ಲರೂ ಬೇಸಿಗೆಯಲ್ಲಿ ತಿರುಗುತ್ತಾರೆ, ಆದರೆ ನಮ್ಮ ಊರು ಚಂದ ಕಾಣುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗಲೇ ಅರ್ಬಿಗಳಲ್ಲಿ ನೀರು. ಸಣ್ಣ ಜಲಪಾತಕ್ಕೆ ನಮ್ಮ ಕಡೆ ಅರ್ಬಿ ಅಂತಲೇ ಹೇಳುವುದು. ಬೇಸಿಗೆಯಲ್ಲಿ ಹೋದರೆ ಅಲ್ಲಿ ಬರೀ ಒಣಗಿದ ಕಲ್ಲು. ಪದವಿನ (ಗುಡ್ಡೆಯ ಮೇಲಿನ ಬಯಲು) ಮುರಕಲ್ಲಿನ (ಜಂಬಿಟ್ಟಿಗೆ) ಮೇಲೆ ನೀಲಿ ಹೂವಿನ ಹಾಸು ಬರುವುದೂ ಮಳೆಯಲ್ಲೇ.

ಹಾಗಾಗಿ ವಾಟರ್‌ಪ್ರೂಫ್ ಶೂ ಬೇಕು ಅಂತ ನನಗೆ ಅನಿಸಿದ್ದು ಸಹಜ. ಮಂಗಳೂರಿನ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ. ಕಾಲಿಗೆ ಹಾಕಿದರೆ ಎಂಥ ಸುಖ! ಹಿಮ್ಮಡಿ ಗಟ್ಟಿಯಾಗಿ ಕೂರುತ್ತದೆ, ಬೆರಳಿಗೆ ಜಾಗ ಇದೆ. ಅಂಗಡಿಯವರು ಮೇಲಿನಿಂದ ನೀರು ಹೊಯ್ದು ತೋರಿಸಿದರು. ಒಂದು ಹನಿ ಒಳಗೆ ಹೋಗಲಿಲ್ಲ.

ಮೊದಲ ಸಲ ಅದನ್ನು ಹಾಕಿ ಹೋದದ್ದು ಪೊಸಡಿಗುಂಪೆಗೆ. ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಸಮಯ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಧರ್ಮತ್ತಡ್ಕದ ಕಡೆಯಿಂದ ಹೋಗುವ ಗುಡ್ಡೆ ಅದು. ಎತ್ತರ ಸಾವಿರ ಅಡಿಗೆ ಸ್ವಲ್ಪ ಮೇಲೆ ಅಷ್ಟೆ. ಆದರೆ ಸುತ್ತಲೂ ಅಷ್ಟು ಎತ್ತರದ್ದು ಬೇರೆ ಇಲ್ಲದ ಕಾರಣ ಪಶ್ಚಿಮಕ್ಕೆ ಸಮುದ್ರ ಕಾಣುತ್ತದೆ, ಮೋಡ ಇಲ್ಲದ ದಿನ ಕುದುರೆಮುಖದ ಸಾಲೂ ಕಾಣುತ್ತದೆ. ಏರುವ ದಾರಿ ಹುಲ್ಲು. ಆಟಿಯಲ್ಲಿ ಆ ಹುಲ್ಲು ಮೊಣಕಾಲಿಗೆ ಬರುತ್ತದೆ.

ತೊಂದರೆ ಶುರುವಾದದ್ದು ಆ ಹುಲ್ಲಿನಿಂದ. ಮಳೆ ಶೂವಿನ ಮೇಲೆ ಬಿದ್ದರೆ ನೀರು ಒಳಗೆ ಬರುವುದಿಲ್ಲ, ನಿಜ. ಆದರೆ ಹುಲ್ಲು ಪ್ಯಾಂಟನ್ನು ಒದ್ದೆ ಮಾಡುತ್ತದೆ. ಪ್ಯಾಂಟಿನ ನೀರು ಸಾಕ್ಸಿಗೆ ಇಳಿಯುತ್ತದೆ, ಸಾಕ್ಸಿನದ್ದು ಶೂವಿನ ಒಳಗೆ. ಇಪ್ಪತ್ತು ನಿಮಿಷದಲ್ಲಿ ಎರಡೂ ಶೂ ತುಂಬಿತು. ಮತ್ತೆ ಆ ನೀರು ಹೊರಗೆ ಹೋಗುವುದು ಎಲ್ಲಿಂದ? ಹೊರಗಿನ ನೀರನ್ನು ತಡೆಯುವ ಪದರವೇ ಒಳಗಿನ ನೀರನ್ನೂ ಹಿಡಿದು ಇಟ್ಟುಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಪಚಕ್ ಪಚಕ್. ಮೂರು ಸಲ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿ ನೀರು ಚೆಲ್ಲಿದೆ. ಮೇಲೆ ಹತ್ತಿ ಮುಗಿಯುವಾಗ ಒಂದೊಂದು ಕಾಲೂ ಕಲ್ಲು ಕಟ್ಟಿದ ಹಾಗೆ ಭಾರ.

ಬೆವರು ಹಬೆಯಾಗಿ ಆ ಪದರದ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತದೆ ಅಂತ ಅಂಗಡಿಯಲ್ಲಿ ಹೇಳಿದ್ದರು. ಅದು ಸುಳ್ಳಲ್ಲ. ಆದರೆ ಹಬೆ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಆಟಿಯಲ್ಲಿ ನಮ್ಮ ಊರಿನ ಗಾಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ಲ? ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುತ್ತದೆ. ಚಳಿ ದೇಶದ ಒಣ ಗಾಳಿಗೆ ಸರಿಹೋಗುವ ಉಪಾಯ ಇಲ್ಲಿ ನಡೆಯಲಿಲ್ಲ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನನ್ನನ್ನು ಸೋಲಿಸಿದ್ದು ಒಣಗಿಸುವ ಕೆಲಸ. ಮನೆಗೆ ಬಂದು ಒಳಗೆ ಪೇಪರ್ ತುರುಕಿದೆ. ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿದೆ. ರಾತ್ರಿ ಇಡೀ ಫ್ಯಾನಿನ ಅಡಿಯಲ್ಲಿ ಇಟ್ಟೆ. ಎರಡನೇ ದಿನವೂ ಒದ್ದೆ. ಮೂರನೇ ದಿನ ವಾಸನೆ. ಶನಿವಾರ ಮತ್ತೆ ಹೊರಡುವುದು ಅಂತ ಮಾತಾಗಿತ್ತು. ಬಿಸಿಲಿನ ಮುಖ ಕಂಡು ಹತ್ತು ದಿನ ಆಗಿತ್ತು. ಕೊನೆಗೆ ಬಚ್ಚಲೊಲೆಯ ಮೇಲಿನ ಕಟ್ಟೆಯಲ್ಲಿ ಇಟ್ಟೆ. ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲವೂ ಒಣಗುವುದು ಅಲ್ಲೇ ಅಲ್ವಾ? ಬಟ್ಟೆ, ಸೌದೆ, ತೆಂಗಿನಕಾಯಿ, ಎಲ್ಲ. ಶೂ ಒಣಗಿತು. ಆದರೆ ಶನಿವಾರ ಗುಡ್ಡೆ ಇಳಿಯುವಾಗ ಬಲಗಾಲಿನ ಸೋಲ್ ಮುಂದಿನಿಂದ ಬಾಯಿ ಬಿಟ್ಟಿತು. ಬಿಸಿಗೆ ಅಂಟು ಬಿಟ್ಟಿದೆ. ಬಳ್ಳಿಯಲ್ಲಿ ಕಟ್ಟಿಕೊಂಡು ಎರಡು ಕಿಲೋಮೀಟರ್ ಇಳಿದೆ.

ಅಂಗಡಿಗೆ ತೆಗೆದುಕೊಂಡು ಹೋದೆ. "ಬೆಂಕಿ ಹತ್ತಿರ ಇಟ್ಟರೆ ವಾರಂಟಿ ಬರುವುದಿಲ್ಲ" ಅಂದರು. ಹಾಗಾದರೆ ಆಟಿಯಲ್ಲಿ ಒಣಗಿಸುವುದು ಹೇಗೆ ಅಂತ ಕೇಳಿದೆ. "ನೆರಳಲ್ಲಿ, ಗಾಳಿಗೆ" ಅಂದರು. ಹೊಲಿಯುವವರ ಹತ್ತಿರ ಕೊಟ್ಟು 150 ರೂಪಾಯಿಗೆ ಸುತ್ತ ಹೊಲಿಗೆ ಹಾಕಿಸಿದೆ. ಗಟ್ಟಿಯಾಯಿತು, ಆದರೆ ಸೂಜಿ ಹೋದ ಕಡೆಯೆಲ್ಲ ತೂತು. ಈಗ ಅದು ವಾಟರ್‌ಪ್ರೂಫ್ ಅಲ್ಲ. ಡಿಸೆಂಬರ್‌ನಿಂದ ಮೇ ತನಕ ಹಾಕುತ್ತೇನೆ. ಒಣ ನೆಲಕ್ಕೆ ಅದರಷ್ಟು ಒಳ್ಳೆಯ ಶೂ ನನ್ನ ಹತ್ತಿರ ಬೇರೆ ಇಲ್ಲ, ಅದನ್ನೂ ಹೇಳಲೇಬೇಕು.

ಇನ್ನೊಂದು ವಿಷಯ, ಹಿಡಿತ. ಬಾಳಿಕೆ ಬರಲಿ ಅಂತ ಆ ಸೋಲನ್ನು ಗಟ್ಟಿ ರಬ್ಬರಿನಲ್ಲಿ ಮಾಡಿರುತ್ತಾರೆ. ಮುರಕಲ್ಲಿನ ಮೇಲೆ ತೊಂದರೆ ಇಲ್ಲ, ಅದು ತೂತು ತೂತಾದ ಒರಟು ಕಲ್ಲು. ಅರ್ಬಿಯ ಬುಡದಲ್ಲಿ ಇರುವುದು ನೀರು ಉಜ್ಜಿ ನುಣ್ಣಗಾದ ಕರಿ ಕಲ್ಲು, ಮೇಲೆ ಹಾವಸೆ. ಅಲ್ಲಿ ಗಟ್ಟಿ ರಬ್ಬರ್ ನಿಲ್ಲುವುದೇ ಇಲ್ಲ. ನಾನು ಒಮ್ಮೆ ಸೊಂಟದ ಮೇಲೆ ಬಿದ್ದು ವಾರ ಇಡೀ ನೋವು ತಿಂದೆ. ಮೆತ್ತಗಿನ ರಬ್ಬರ್ ಸ್ವಲ್ಪ ವಾಸಿ. ಆದರೂ ಹಾವಸೆ ಇರುವ ಕಲ್ಲಿನ ಮೇಲೆ ಯಾವ ಶೂ ನಂಬಿಯೂ ಹತ್ತಬೇಡಿ. ಮೇಲೆ ಎಲ್ಲೋ ಮಳೆ ಸುರಿದರೆ ಇಲ್ಲಿ ತೋಡಿನ ನೀರು ಕೆಂಪಾಗಿ ಒಮ್ಮೆಲೇ ಏರುತ್ತದೆ. ಬಣ್ಣ ಬದಲಾದ ಕೂಡಲೇ ದಡಕ್ಕೆ ಬನ್ನಿ.

ಗಮ್ ಬೂಟಿನ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಅಡಿಕೆ ತೋಟಕ್ಕೆ ಅದೇ ಸರಿ. ಉಂಬುಳ (ಜಿಗಣೆ) ಹತ್ತುವುದಿಲ್ಲ, ಹಾವಿನ ಭಯ ಕಡಿಮೆ. ಆದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಹೋಗಿ ಗುದ್ದುತ್ತದೆ. ತೋಡು ದಾಟುವಾಗ ಒಳಗೆ ನೀರು ತುಂಬಿದರೆ ಕಾಲು ಎತ್ತಲಿಕ್ಕೇ ಆಗುವುದಿಲ್ಲ. ಶಿರಿಯ ಹೊಳೆಯ ಅಳಿವೆಯ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೋಡಲು ಹೋದಾಗ ಕೆಸರು ಭಾವನ ಎಡಗಾಲಿನ ಬೂಟನ್ನು ಎಳೆದು ಹಿಡಿಯಿತು. ಕಾಲು ಮಾತ್ರ ಮೇಲೆ ಬಂತು. ಕೈ ಹಾಕಿ ಕಿತ್ತು ತೆಗೆಯಬೇಕಾಯಿತು.

ಸ್ಯಾಂಡಲ್ ಕರಾವಳಿಯಲ್ಲಿ ರಾಜ. ಮಂಜೇಶ್ವರದ ಕಣ್ವತೀರ್ಥದಲ್ಲಿ ಸಮುದ್ರದ ಬದಿ ನಡೆಯಲಿಕ್ಕೆ, ಬೇಕಲ ಕೋಟೆಯ ಸುತ್ತ ತಿರುಗಲಿಕ್ಕೆ, ಬೇರೆ ಏನೂ ಬೇಡ. ದಕ್ಷಿಣಕ್ಕೆ ವಲಿಯಪರಂಬದ ಕಡೆ ಇಡಯಿಲೆಕ್ಕಾಡ್ ಅಂತ ಒಂದು ಕಾವು (ದೇವರ ಕಾಡು) ಇದೆ. ಸುತ್ತ ಹಿನ್ನೀರು, ನಡುವೆ ದೊಡ್ಡ ದೊಡ್ಡ ಮರ, ಬಳ್ಳಿ, ಮಂಗಗಳು. ಓಣಂ ಸಮಯದಲ್ಲಿ ಊರಿನ ಮಕ್ಕಳು ಅಲ್ಲಿನ ಮಂಗಗಳಿಗೆ ಎಲೆ ಹಾಕಿ ಊಟ ಬಡಿಸುತ್ತಾರೆ. ಕಡಲ ಬದಿಯ ಕಾಡು ಹೇಗಿತ್ತು ಅಂತ ನೋಡಬೇಕಾದರೆ ಈಗ ಉಳಿದಿರುವುದು ಇಂಥ ಕಾವುಗಳಲ್ಲೇ. ನಾಗನ ಸ್ಥಳ ಅದು, ಚಪ್ಪಲಿ ಬಿಟ್ಟೇ ಹತ್ತಿರ ಹೋಗಬೇಕು. ಅಲ್ಲಿ ಲೇಸ್ ಬಿಚ್ಚುತ್ತ ಕೂರುವುದಕ್ಕಿಂತ ಸ್ಯಾಂಡಲ್ ಎಷ್ಟೋ ಮೇಲು.

ಅದೇ ಸ್ಯಾಂಡಲ್ ಹಾಕಿ ರಾಣಿಪುರಂಗೆ ಹೋದೆ. ಅದು ತಪ್ಪಾಯಿತು. ಮುಳ್ಳೇರಿಯ, ಬಂದಡ್ಕ ದಾಟಿ ಪಾಣತ್ತೂರು ಕಡೆ ಹೋಗುವ ದಾರಿ. ಹಳೆಯ ಹೆಸರು ಮಾಡತ್ತುಮಲೆ. ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್. ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ಮೊದಲು ದಟ್ಟ ಕಾಡು, ಆಮೇಲೆ ಒಮ್ಮೆಲೇ ಬಾಗಿಲು ತೆರೆದ ಹಾಗೆ ಹುಲ್ಲುಗಾವಲು. ಆ ಕಾಡಿನ ಭಾಗದಲ್ಲಿ ಮಳೆಗಾಲದ ಉಂಬುಳಗಳು ಎಲೆಯ ತುದಿಯಲ್ಲಿ ಎದ್ದು ನಿಂತು ಕಾಯುತ್ತವೆ. ಕಾಡು ದಾಟುವಷ್ಟರಲ್ಲಿ ಎರಡು ಕಾಲಿನಿಂದ ಇಪ್ಪತ್ತಮೂರು ತೆಗೆದೆ. ಕಚ್ಚಿದ್ದು ನೋವಾಗುವುದಿಲ್ಲ, ಆದರೆ ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಬಿದ್ದು ಹೋದ ಮೇಲೂ ಸುರಿಯುತ್ತಲೇ ಇರುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು ಎಲ್ಲ ಹಚ್ಚಿದ್ದೆವು. ಜೋರು ಮಳೆಗೆ ಹತ್ತು ನಿಮಿಷದಲ್ಲಿ ತೊಳೆದು ಹೋಯಿತು.

ಅಲ್ಲಿ ವಾಚರ್ ಒಬ್ಬರು ಸಿಕ್ಕಿದರು. ಅವರ ಕಾಲಲ್ಲಿ ಹಂಟರ್ ಶೂ, ಮೊಣಕಾಲಿನವರೆಗೆ ಬಿಳಿ ಬಟ್ಟೆಯ ಚೀಲದ ಹಾಗಿನ ಸಾಕ್ಸ್. "ಚೇಟಾ, ಇದಕ್ಕೆ ನೀರು ಹೋಗುವುದಿಲ್ಲವಾ?" ಅಂತ ಕೇಳಿದೆ. "ಹೋಗುತ್ತದೆ, ಹಾಗೆಯೇ ಹೊರಗೂ ಬರುತ್ತದೆ" ಅಂದರು. ನನಗೆ ಬೇಕಾದದ್ದು ಆ ಮಾತಿನಲ್ಲಿ ಸಿಕ್ಕಿತು. ಅದೇ ವಾರ ಕಾಸರಗೋಡಿನಲ್ಲಿ ಒಂದು ಜೊತೆ ತೆಗೆದುಕೊಂಡೆ.

ನೀರು ಬರುತ್ತದೆ, ಹೋಗುತ್ತದೆ. ಒಳಬದಿಯಲ್ಲಿ ಗಾಳಿಗೆ ಅಂತ ಎರಡು ಸಣ್ಣ ತೂತು ಇರುತ್ತವೆ. ತೋಡು ದಾಟಿದ ಮೇಲೆ ಹತ್ತು ಹೆಜ್ಜೆ ನಡೆದರೆ ನೀರು ಅಲ್ಲಿಂದ ಪಿಚಕ್ಕನೆ ಹೊರಗೆ ಚಿಮ್ಮುತ್ತದೆ, ಕಾಲು ಹಗುರ. ಒದ್ದೆ ಇರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಕೀಲಿನ ಮೇಲೆ ಬರುವ ಎತ್ತರ, ಲೇಸ್ ಕಟ್ಟಿದರೆ ಕೆಸರು ಎಳೆದರೂ ಕಳಚುವುದಿಲ್ಲ. ಸೋಲ್ ಮೆತ್ತಗೆ. ಮನೆಗೆ ಬಂದು ನಳ್ಳಿಯ ಅಡಿಯಲ್ಲಿ ತೊಳೆದು ತಲೆಕೆಳಗೆ ಮಾಡಿ ಒಲೆಯಿಂದ ಸ್ವಲ್ಪ ದೂರದಲ್ಲಿ ಇಟ್ಟರೆ ಮರುದಿನ ಸಂಜೆಗೆ ಒಣಗುತ್ತದೆ. ಒಂದು ಪದರ ಬಟ್ಟೆ, ಅಷ್ಟೆ.

ಉಂಬುಳದ ಸಾಕ್ಸನ್ನು ಊರಿನ ಟೈಲರ್ ಹತ್ತಿರ ಹೊಲಿಸಿದೆ. ಹಳೆಯ ದಪ್ಪ ಪಂಚೆ ಕೊಟ್ಟೆ. ಮಾಮೂಲಿ ಸಾಕ್ಸಿನ ಹೆಣಿಗೆಯ ನಡುವಿನಿಂದ ಉಂಬುಳ ಮೂತಿ ತೂರಿಸುತ್ತದೆ, ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಅದಕ್ಕೆ ಆಗುವುದಿಲ್ಲ. ಮೊಣಕಾಲಿನ ಕೆಳಗೆ ಲಾಡಿ ಕಟ್ಟಬೇಕು. ಬಿಳಿ ಬಟ್ಟೆಯೇ ಆಗಲಿ, ಹತ್ತುವುದು ಕಾಣುತ್ತದೆ, ಉಗುರಿನಿಂದ ಚಿಮ್ಮಿಸಬಹುದು. ಮುಂದಿನ ಸಲ ರಾಣಿಪುರಂಗೆ ಹೋದಾಗ ಎರಡೇ ಕಚ್ಚಿದ್ದು, ಅದೂ ಕೈಗೆ.

ಹಂಟರ್ ಶೂವಿಗೆ ತಪ್ಪುಗಳಿಲ್ಲ ಅಂತಲ್ಲ. ಮುಂದಿನ ಭಾಗ ತೆಳು, ಬೇರಿಗೆ ಎಡವಿದರೆ ಕಣ್ಣಲ್ಲಿ ನೀರು ಬರುತ್ತದೆ. ಮೊದಲ ಎರಡು ಸಲ ಹಸಿರು ಬಣ್ಣ ಬಿಟ್ಟು ಸಾಕ್ಸ್ ಹಾಳಾಯಿತು. ಒಳಗಿನ ಹಾಸು ಇದ್ದೂ ಇಲ್ಲದ ಹಾಗೆ. ಹಳೆಯ ಶೂವಿನ ಇನ್ಸೋಲ್ ಕತ್ತರಿಸಿ ಹಾಕಿಕೊಂಡೆ. ಡಾಮರು ರಸ್ತೆಯಲ್ಲಿ ನಡೆದರೆ ಸೋಲ್ ಬೇಗ ಸವೆಯುತ್ತದೆ, ಹಾಗಾಗಿ ಸ್ಕೂಟರಿನಲ್ಲಿ ಚಪ್ಪಲಿ ಹಾಕಿ ಹೋಗಿ ಗುಡ್ಡೆಯ ಬುಡದಲ್ಲಿ ಬದಲಿಸುತ್ತೇನೆ. ಬೇಸಿಗೆಯಲ್ಲಿ ಕಾದ ಮುರಕಲ್ಲಿನ ಬಿಸಿ ನೇರ ಅಂಗಾಲಿಗೆ. ಒಂದು ಜೊತೆ ಒಂದೂವರೆ ಮಳೆಗಾಲ ಬಂತು. ಈಗ ಎರಡನೆಯದು. ಎರಡು ಜೊತೆ ಸೇರಿದರೂ ಸಾವಿರ ದಾಟುವುದಿಲ್ಲ.

ಒಂದು ಮಾತು ಮಧ್ಯದಲ್ಲಿ ಹೇಳಬೇಕಿತ್ತು. ಪದವಿನ ಮೇಲೆ ಹೂವಿನ ಸಮಯದಲ್ಲಿ ಯಾವ ಶೂ ಹಾಕಿದರೂ ಕಾಲುದಾರಿ ಬಿಟ್ಟು ನಡೆಯಬೇಡಿ. ಓಣಂ ಪೂಕ್ಕಳಕ್ಕೆ (ಹೂವಿನ ರಂಗೋಲಿ) ಹಾಕುವ ಆ ಪುಟ್ಟ ನೀಲಿ ಕಾಕ್ಕಪ್ಪೂ ಇದೆಯಲ್ಲ, ಮಣ್ಣಿನ ಅಡಿಯಲ್ಲಿ ಸಣ್ಣ ಚೀಲ ಇಟ್ಟುಕೊಂಡು ಹುಳ ಹಿಡಿದು ಬದುಕುವ ಗಿಡ ಅದು. ಬೆರಳಿನಷ್ಟು ದಪ್ಪದ ಮಣ್ಣಿನಲ್ಲಿ ನಿಂತಿರುತ್ತದೆ. ಒಂದು ತುಳಿತಕ್ಕೆ ಕಿತ್ತು ಬರುತ್ತದೆ.

ನಾನು ಮಳೆಗಾಲದಲ್ಲಿ ಎಂಟು ಹತ್ತು ಸಲ ಹೊರಡುವವನು. ಎಲ್ಲವೂ ಬೆಳಗ್ಗೆ ಹೋಗಿ ಸಂಜೆ ಬರುವ ನಡಿಗೆ. ಬೆನ್ನಿನ ಮೇಲೆ ಬುತ್ತಿ, ನೀರು ಬಿಟ್ಟರೆ ಭಾರ ಇಲ್ಲ. ಅದಕ್ಕೆ ಹಂಟರ್ ಶೂ ಸಾಕು. ಹತ್ತು ಕಿಲೋ ಹೊತ್ತು ಎರಡು ದಿನ ಕಾಡಿನಲ್ಲಿ ಉಳಿಯುವವರಿಗೆ ಆ ತೆಳು ಸೋಲ್ ಸಾಲದು. ಅವರು ದುಬಾರಿ ಶೂವನ್ನೇ ತೆಗೆದುಕೊಳ್ಳಲಿ, ಆದರೆ ವಾಟರ್‌ಪ್ರೂಫ್ ಅಲ್ಲದ, ಜಾಲರಿ ಬಟ್ಟೆಯದ್ದು ನೋಡಲಿ. ಸಮುದ್ರದ ಬದಿಗೆ ಮಾತ್ರ ಹೋಗುವವರಿಗೆ ಸ್ಯಾಂಡಲ್ ಬಿಟ್ಟು ಬೇರೆ ಖರ್ಚು ಬೇಡ.

ಕೊಳ್ಳುವಾಗ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳಿ. ಸಾಕ್ಸ್, ಅದರ ಮೇಲೆ ಉಂಬುಳದ ಸಾಕ್ಸ್, ಅಡಿಗೆ ಇನ್ಸೋಲ್, ಇಷ್ಟಕ್ಕೆ ಜಾಗ ಬೇಕು. ಇವೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಸಂಜೆ ಹೊತ್ತು ಹೋದರೆ ಒಳ್ಳೆಯದು, ದಿನ ಇಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ. ಹಾಕಿ ಅಂಗಡಿಯ ಮೆಟ್ಟಿಲು ಎರಡು ಸಲ ಇಳಿದು ನೋಡಿ. ಹೆಬ್ಬೆರಳು ಮುಂದೆ ತಾಗಿದರೆ ಇನ್ನೊಂದು ನಂಬರ್ ಕೇಳಿ.