ಟ್ವೀಟರಿನ ಸುಯ್ ಸದ್ದಿನ ಮುಂದೆ ಮೂರು ಕ್ರಾಸ್‌ಓವರ್‌ಗಳು

ಮನೆಯ ಸ್ಪೀಕರಿಗೆ ಎರಡೆರಡು ಆಂಪ್ ಕಟ್ಟುವ ಹುಚ್ಚು ಹತ್ತಿದವರು ಮಿನಿಡಿಎಸ್‌ಪಿ 2×4 ಎಚ್‌ಡಿ ಎಂಬ ಡಿಜಿಟಲ್ ಕ್ರಾಸ್‌ಓವರಿಗೆ (ಹಾಡಿನ ತಗ್ಗಿನ ದನಿಯನ್ನು ವೂಫರಿಗೂ ಮೇಲಿನದನ್ನು ಟ್ವೀಟರಿಗೂ ಬೇರ್ಪಡಿಸಿ ಕೊಡುವ ಪೆಟ್ಟಿಗೆಗೆ) ದುಡ್ಡು ಕೂಡಿಸಿಕೊಳ್ಳಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೂ ಮುಂಚೆ ಸ್ಟೇಜಿನವರು ಬಳಸುವಂಥ ಒಂದು ರ‍್ಯಾಕ್ ಕ್ರಾಸ್‌ಓವರ್, ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಬೆಸೆದ ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ಬೋರ್ಡು, ಎರಡನ್ನೂ ಇದೇ ಸ್ಪೀಕರಿಗೆ ಹಾಕಿ ಕೇಳಿದ್ದೇನೆ. ಸ್ಪೀಕರ್ ಸಾಧಾರಣದ್ದು. ಎಂಟಿಂಚಿನ ವೂಫರ್, ಒಂದಿಂಚಿನ ಡೋಮ್ ಟ್ವೀಟರ್, ಎರಡರ ನಡುವಿನ ಗಡಿ 2,200 ಹರ್ಟ್ಸ್ ಆಸುಪಾಸು. ಒಳಗಿದ್ದ ಕಾಯಿಲ್, ಕೆಪಾಸಿಟರ್, ರೆಸಿಸ್ಟರುಗಳನ್ನೆಲ್ಲ ಕಿತ್ತು ಆಂಪಿನ ತಂತಿಯನ್ನು ನೇರ ಡ್ರೈವರಿಗೇ ಕೊಟ್ಟಿದ್ದೇನೆ. ಅವನ್ನು ಕೀಳದೆ ಬೆನ್ನಿನ ನಾಲ್ಕು ಟರ್ಮಿನಲ್‌ಗೆ ಎರಡು ಆಂಪ್ ಸಿಕ್ಕಿಸುವುದಾದರೆ, ಆಂಪಿಗಿಂತ ಮೊದಲೇ ಹಾಡನ್ನು ಬೇರ್ಪಡಿಸುವ ಇಂಥ ಆಕ್ಟಿವ್ ಕ್ರಾಸ್‌ಓವರಿನ ಖರ್ಚೇ ದಂಡ.

ಮೂರೂ ಮಾಡುವ ಮೂಲ ಕೆಲಸ ಒಂದೇ. ಹ್ಯೂಲೆಟ್-ಪ್ಯಾಕರ್ಡ್‌ನ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ಅವರ ಜೊತೆಗಾರ ರಸ್ ರೈಲಿಯ ಹೆಸರೂ ಸೇರಿಕೊಂಡ ಇಳಿಜಾರು: ಗಡಿಯಾಚೆ ದನಿ ಆಕ್ಟೇವಿಗೆ (ಫ್ರೀಕ್ವೆನ್ಸಿ ಎರಡು ಪಟ್ಟು ಅಥವಾ ಅರ್ಧ ಆಗುವಷ್ಟರಲ್ಲಿ) 24 ಡೆಸಿಬೆಲ್ ಇಳಿಯುತ್ತದೆ. ಗಡಿಯಲ್ಲಿ ಎರಡೂ ಕಡೆ 6 ಡೆಸಿಬೆಲ್ ಇಳಿದಿರುತ್ತದೆ, ಫೇಸ್ (ಅಲೆಯ ಏರಿಳಿತದ ಹೆಜ್ಜೆ) ಒಂದೇ ಇರುತ್ತದೆ, ಕೂಡಿದರೆ ಸಮ.

ತಲೆನೋವು ಕೊಟ್ಟದ್ದು ಸುಯ್ ಸದ್ದು. ರ‍್ಯಾಕ್ ಪೆಟ್ಟಿಗೆ ಹಾಕಿದ ದಿನ ಹಾಡು ಚೆನ್ನಾಗೇ ಕೇಳಿತು. ರಾತ್ರಿ ಫ್ಯಾನ್ ಆರಿಸಿ, ವಾಲ್ಯೂಮ್ ತಗ್ಗಿಸಿ ಕೂತರೆ ಟ್ವೀಟರ್ ಒಂದೇ ಸಮನೆ ಉಸಿರು ಬಿಡುತ್ತಿದೆ. ವಾಲ್ಯೂಮ್ ಸೊನ್ನೆಗೆ ತಂದರೂ ಅಷ್ಟೇ. ಆಂಪ್ ಆರಿಸಿ, ಕ್ರಾಸ್‌ಓವರಿನಿಂದ ಬರುವ ಆರ್‌ಸಿಎ ಕಿತ್ತು, ಆ ಜಾಗಕ್ಕೆ ಶಾರ್ಟ್ ಮಾಡಿದ ಪ್ಲಗ್ ಹಾಕಿ ಮತ್ತೆ ಆನ್ ಮಾಡಿದೆ. ಕಿವಿಯನ್ನು ಡೋಮಿಗೆ ಗೇಣು ದೂರದಲ್ಲಿಟ್ಟರೂ ಹೆಚ್ಚುಕಮ್ಮಿ ಏನೂ ಇಲ್ಲ. ಅಂದರೆ ಸದ್ದು ಆಂಪಿನದಲ್ಲ.

ಪೆಟ್ಟಿಗೆ ಕೆಟ್ಟಿರಲಿಲ್ಲ, ಅದು ಹುಟ್ಟಿದ ಲೋಕವೇ ಬೇರೆ. ಸ್ಟೇಜಿನ ಲೈನ್ ಮಟ್ಟ +4 ಡಿಬಿಯು, ಅಂದರೆ 1.23 ವೋಲ್ಟ್, ಮನೆ ಸಾಮಾನಿನದು −10 ಡಿಬಿವಿ, 0.32 ವೋಲ್ಟ್. ಸುಮಾರು 12 ಡೆಸಿಬೆಲ್ ಅಂತರ. ಅದರ ಮೇಲೆ, ಸಿಗ್ನಲ್ಲಿನ ಹಾದಿಯಲ್ಲಿ ವಾಲ್ಯೂಮ್ ನಾಬ್ ಇರುವುದು ಕ್ರಾಸ್‌ಓವರಿಗಿಂತ ಮೊದಲು. ಮೆಲ್ಲಗೆ ಕೇಳುವಾಗ ಸಿಗ್ನಲ್ ಕೆಲವೇ ಮಿಲಿವೋಲ್ಟಿಗೆ ಇಳಿಯುತ್ತದೆ, ಕ್ರಾಸ್‌ಓವರಿನ ಸ್ವಂತ ಸದ್ದು ಇದ್ದಷ್ಟೇ ಇರುತ್ತದೆ, ಆಂಪ್ ಎರಡನ್ನೂ ಒಂದೇ ಪಟ್ಟು ಹೆಚ್ಚಿಸಿ ಕೊಡುತ್ತದೆ. ಸ್ಪೀಕರಿನೊಳಗಿಂದ ಕಿತ್ತ ಹಳೆಯ ಜಾಲದಲ್ಲಿ ಟ್ವೀಟರಿಗೆಂದು ಇದ್ದ ರೆಸಿಸ್ಟರುಗಳು ಹಾಡಿನ ಜೊತೆ ಈ ಸದ್ದನ್ನೂ ತಗ್ಗಿಸುತ್ತಿದ್ದವು. ಈಗ ಅವೂ ಇಲ್ಲ.

ಮದ್ದು ಅಗ್ಗದ್ದೇ. ಟ್ವೀಟರ್ ಆಂಪಿನ ಇನ್‌ಪುಟ್ಟಿನ ಹತ್ತಿರ ಚಾನಲ್ಲಿಗೆ ಎರಡು ರೆಸಿಸ್ಟರ್: ಸಿಗ್ನಲ್ ಹಾದಿಯಲ್ಲಿ 10 ಕಿಲೋಓಮ್, ಅದರಾಚೆ ಸಿಗ್ನಲ್ಲಿನಿಂದ ಗ್ರೌಂಡಿಗೆ 3.3 ಕಿಲೋಓಮ್. ಸಿಗ್ನಲ್ ಸುಮಾರು 12 ಡೆಸಿಬೆಲ್ ಇಳಿಯುತ್ತದೆ. ನನ್ನ ಟ್ವೀಟರ್ ಹೇಗೂ ವೂಫರಿಗಿಂತ ಜೋರು. ಉಳಿದ ಕೊರತೆಯನ್ನು ಕ್ರಾಸ್‌ಓವರಿನ ಹೈ ಔಟ್‌ಪುಟ್ ನಾಬ್ ತಿರುಗಿಸಿ ತುಂಬಿಕೊಂಡೆ. ಸೋಫಾದಲ್ಲಿ ಕೂತರೆ ಸುಯ್ ಕೇಳುವುದಿಲ್ಲ. ಈ ರೆಸಿಸ್ಟರುಗಳು ಈಗ ಮಿನಿಡಿಎಸ್‌ಪಿ ಜೊತೆಯಲ್ಲೂ ಅಲ್ಲೇ ಇವೆ. ಡಿಜಿಟಲ್ ಎಂದ ಮಾತ್ರಕ್ಕೆ ಯಾವ ಪೆಟ್ಟಿಗೆಯೂ ಪೂರ್ತಿ ಮೌನವಾಗಿರುವುದಿಲ್ಲ.

ಹಾಗಿದ್ದರೆ ರ‍್ಯಾಕ್ ಪೆಟ್ಟಿಗೆಯನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಎನ್ನಬಹುದು. ಅದರಲ್ಲಿ ಎಡಕ್ಕೊಂದು, ಬಲಕ್ಕೊಂದು ಬೇರೆ ಫ್ರೀಕ್ವೆನ್ಸಿ ನಾಬ್. 2,200ಕ್ಕೆ ಎರಡನ್ನೂ ಕಣ್ಣಳತೆಯಲ್ಲಿ ತಿರುಗಿಸಬೇಕು. ಕೂದಲೆಳೆ ಆಚೀಚೆಯಾದರೆ ನಡುವೆ ನಿಲ್ಲಬೇಕಾದ ಗಾಯಕಿಯ ದನಿ ಒಂದು ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಮನೆ ಕೆಲಸದವರು ಧೂಳು ಒರೆಸಿದ ದಿನ ಮತ್ತೆ ಮೊದಲಿನಿಂದ.

ಬೋರ್ಡಿನ ಮೇಲೆ ನನಗೆ ಪ್ರೀತಿ ಇದೆ. ಎನ್ಇ5532 ಆಪ್‌ಆಂಪ್, 7815–7915 ರೆಗ್ಯುಲೇಟರ್ ಹಾಕಿದ ±15 ವೋಲ್ಟ್ ಸಪ್ಲೈ. ಮೂರರಲ್ಲಿ ಅತಿ ಕಡಿಮೆ ಸುಯ್ ಇದರದೇ. ಆದರೆ ಗಡಿ ಬದಲಿಸಬೇಕೆಂದರೆ ಎರಡು ಚಾನಲ್ಲಿನ 16 ರೆಸಿಸ್ಟರ್ ಕಿತ್ತು ಬೇರೆ ಬೆಸೆಯಬೇಕು. ಟ್ವೀಟರಿಗೆ ಗಡಿ ಎಲ್ಲಿಡಬೇಕೆಂದು ಇನ್ನೂ ಹುಡುಕುತ್ತಿರುವವರಿಗೆ ಇದು ಶಿಕ್ಷೆ.

ಮಿನಿಡಿಎಸ್‌ಪಿಯಲ್ಲಿ 2,200 ಎಂದು ಟೈಪ್ ಮಾಡಿದರೆ ಎರಡೂ ಕಡೆ 2,200. ಡಿಲೇ ಇದೆ: ವೂಫರಿನ ದನಿ ಹೊರಡುವ ಜಾಗ ಟ್ವೀಟರಿಗಿಂತ 34 ಮಿಲಿಮೀಟರ್ ಹಿಂದಿದ್ದರೆ ಟ್ವೀಟರಿಗೆ 0.1 ಮಿಲಿಸೆಕೆಂಡ್ ತಡ ಕೊಟ್ಟರಾಯಿತು. ನಾಲ್ಕು ಪ್ರಿಸೆಟ್ ಇರುವುದರಿಂದ ಎರಡು ಗಡಿಗಳನ್ನು ರಿಮೋಟಿನಲ್ಲೇ ಬದಲಿಸಿ ಹೋಲಿಸಬಹುದು. ಟಿವಿಯ ಆಪ್ಟಿಕಲ್ ತಂತಿ ನೇರ ಬರುತ್ತದೆ. ಹಳೆಯ ಸಾದಾ 2×4 ಅಗ್ಗ, ಆದರೆ ಅದರ ಔಟ್‌ಪುಟ್ 0.9 ವೋಲ್ಟಿಗೇ ಮುಗಿಯುತ್ತದೆ. ಎಚ್‌ಡಿಯದು 2 ವೋಲ್ಟ್. ಎಲ್‌ಪಿಯನ್ನು ಡಿಜಿಟಲ್ ಮಾಡುವುದೇ ಪಾಪ ಎನ್ನುವವರ ಜೊತೆ ನನ್ನ ಜಗಳವಿಲ್ಲ.

ಆಂಪಿನ ತಂತಿ ನೇರ ಡ್ರೈವರಿಗೇ ಹೋಗುವುದರಿಂದ, ಯಾವುದನ್ನೇ ಕೊಂಡರೂ ಟ್ವೀಟರಿನ ರಕ್ಷಣೆಗೆಂದು ಸರಣಿಯಲ್ಲಿ ಒಂದು ದೊಡ್ಡ ಫಿಲ್ಮ್ ಕೆಪಾಸಿಟರ್ ಇರಲಿ. ಕ್ರಾಸ್‌ಓವರ್ ಮೊದಲು ಆನ್, ಆಂಪ್ ಕೊನೆಗೆ, ಆರಿಸುವಾಗ ಉಲ್ಟಾ.

ಸುಂಕ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಗುತ್ತದೆ ಎಂಬುದೇ ಎಚ್‌ಡಿಯ ಮೇಲಿರುವ ದೊಡ್ಡ ಆಕ್ಷೇಪ. ವಾರಕ್ಕೊಮ್ಮೆ ಸೆಟ್ಟಿಂಗ್ ಕೆದಕುವ ನನ್ನಂಥವರಿಗೆ ಅಷ್ಟು ಕೊಡಬಹುದು. ಒಮ್ಮೆ ಹೊಂದಿಸಿ ಹತ್ತು ವರ್ಷ ಮುಟ್ಟದೆ ಕೇಳುವವರು ನೀವಾದರೆ, ಬೆಸುಗೆ ಬರುವ ಗೆಳೆಯನಿಂದ ಬೋರ್ಡು ಮಾಡಿಸಿಕೊಳ್ಳಿ.