ಫೀಡ್ಲಿ, ಇನೋರೀಡರ್, ಫೀಡರ್: ಮಲೆನಾಡಿನ ಮೇಷ್ಟ್ರಿಗೆ ಯಾವುದು?

ಶಿವಮೊಗ್ಗ ಪೇಟೆಯಲ್ಲಿ ಕುಳಿತು ಬಳಸಿದರೆ ಬೇರೆ ಬೇರೆ ಜಾಲತಾಣಗಳ ಹೊಸ ಬರಹಗಳ ಪಟ್ಟಿಯನ್ನು (ಫೀಡ್) ಒಂದೇ ಕಡೆ ತಂದುಕೊಡುವ ಈ ಮೂರು ಫೀಡ್ ರೀಡರ್‌ಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಆಗುಂಬೆ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಚೆನ್ನಾಗಿಯೇ ಕಾಣುತ್ತದೆ. ಮಳೆ ಹಿಡಿಯಿತೆಂದರೆ ಇಲ್ಲಿ ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ.

ನನ್ನ ಅಗತ್ಯ ದೊಡ್ಡದಲ್ಲ. ನಾಸಾದ ದಿನಕ್ಕೊಂದು ಖಗೋಳ ಚಿತ್ರ, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಭೂಕಂಪಗಳ ಪಟ್ಟಿ, ಕೆಲವು ಕನ್ನಡ ವಿಜ್ಞಾನ ಬ್ಲಾಗುಗಳು, ಒಂದೆರಡು ಯೂಟ್ಯೂಬ್ ವಾಹಿನಿಗಳು. ಇವೆಲ್ಲಕ್ಕೂ ಫೀಡ್ ಇದೆ. ವರ್ಡ್‌ಪ್ರೆಸ್ ಬ್ಲಾಗಾದರೆ ವಿಳಾಸದ ಕೊನೆಗೆ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಮಾನ್ಯವಾಗಿ ಸಾಕು.

ನೋಟಕ್ಕೆ ಫೀಡ್ಲಿಯೇ ಚೆಂದ. ತಾಣದ ಹೆಸರು ಹಾಕಿದರೆ ಫೀಡನ್ನು ತಾನೇ ಹುಡುಕಿಕೊಡುತ್ತದೆ; ಹೊಸಬರಿಗೆ ಕೊಡುವುದಾದರೆ ಇದನ್ನೇ ಕೊಡುತ್ತೇನೆ. ಇನೋರೀಡರ್ ಪರದೆಯಲ್ಲಿ ಗುಂಡಿಗಳ ಗದ್ದಲ ಹೆಚ್ಚು, ಉಚಿತ ಬಳಕೆಯಲ್ಲಿ ಜಾಹೀರಾತೂ ಉಂಟು. ಆದರೆ ಒಗ್ಗಿಕೊಂಡ ಮೇಲೆ ವಿಂಗಡಣೆಗೆ ಅದರದೇ ಮೇಲುಗೈ. ಎರಡೂ ಕಂಪನಿಯ ಸರ್ವರ್‌ನಲ್ಲಿ ಕೆಲಸ ಮಾಡುವಂಥವು. ನೆಟ್ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಂಥವು.

ಫೀಡರ್ ಆಂಡ್ರಾಯ್ಡ್ ಫೋನಿನ ಮುಕ್ತ ತಂತ್ರಾಂಶ. ಖಾತೆ ಬೇಡ, ಜಾಹೀರಾತಿಲ್ಲ. ಲೇಖನಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ಅನೇಕ ತಾಣಗಳು ಫೀಡಿನಲ್ಲಿ ಎರಡೇ ಸಾಲು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಅಂಥವಕ್ಕೆ ಪೂರ್ಣ ಲೇಖನ ತರಿಸುವ ಆಯ್ಕೆಯನ್ನು ಒತ್ತಿಟ್ಟರೆ, ತೀರ್ಥಹಳ್ಳಿ ಬಸ್ ನಿಲ್ದಾಣದಲ್ಲಿ ಸಿಕ್ಕ ಸಿಗ್ನಲ್ಲಿನಲ್ಲಿ ಇಳಿದದ್ದನ್ನು ರಾತ್ರಿ ಮನೆಯಲ್ಲಿ ಆರಾಮವಾಗಿ ಓದಬಹುದು. ಮಳೆಗಾಲದಲ್ಲಿ ನನ್ನ ನಿತ್ಯದ ಓದು ಇದರಲ್ಲೇ.

ಹಾಗೆಂದು ಫೀಡರ್ ಒಂದೇ ಸಾಕೆನ್ನಲಾರೆ. ಫೀಡ್ ಎಂದರೆ ತಾಣದ ಪೂರ್ತಿ ಸಂಗ್ರಹವಲ್ಲ, ತೀರಾ ಇತ್ತೀಚಿನ ಕೆಲವೇ ಬರಹಗಳ ಪಟ್ಟಿ. ವರ್ಡ್‌ಪ್ರೆಸ್‌ನಲ್ಲಿ ಬದಲಾಯಿಸದಿದ್ದರೆ 10. ಹೊಸದು ಬಂದಂತೆ ಹಳೆಯದು ಬೀಳುತ್ತದೆ. ಫೋನ್ ನೆಟ್ ಇಲ್ಲದೆ ಬಿದ್ದಿರುವಾಗ ಬಂದುಹೋದದ್ದು ಫೀಡರ್‌ಗೆ ಸಿಗುವುದೇ ಇಲ್ಲ. ಸರ್ವರ್ ಮಾತ್ರ ನಾವು ಕತ್ತಲಲ್ಲಿದ್ದಾಗಲೂ ಕೂಡಿಸಿಡುತ್ತಿರುತ್ತದೆ.

ಈ ಕೊರತೆ ಭೂಕಂಪದ ಪಾಠದಲ್ಲಿ ಎದ್ದು ಕಾಣುತ್ತದೆ. ಅಮೆರಿಕದ ಆ ಸಮೀಕ್ಷಾ ಸಂಸ್ಥೆಯ ಪಟ್ಟಿಯಲ್ಲಿ ಕಂಪನದ ತೀವ್ರತೆ, ಸ್ಥಳ, ಅಕ್ಷಾಂಶ, ರೇಖಾಂಶ ಎಲ್ಲವೂ ಇರುತ್ತವೆ. ತೀವ್ರತೆ 4.5ಕ್ಕಿಂತ ಹೆಚ್ಚಿನವನ್ನು ಮಕ್ಕಳು ಗೋಡೆಯ ಭೂಪಟದಲ್ಲಿ ಕೆಂಪು ಚುಕ್ಕೆಯಿಟ್ಟು ಗುರುತಿಸುತ್ತಾರೆ. ಚುಕ್ಕೆಗಳು ಜಪಾನ್, ಇಂಡೋನೇಷ್ಯಾ, ಚಿಲಿಯ ಅಂಚಿಗೆ ಸಾಲುಗಟ್ಟಿದಾಗ ಭೂಫಲಕಗಳ ಅಂಚನ್ನು ನಾನು ಬಾಯಲ್ಲಿ ವಿವರಿಸಬೇಕಾಗುವುದಿಲ್ಲ. “ನಮ್ಮ ಲಿಂಗನಮಕ್ಕಿಯ ಹತ್ತಿರ ಯಾಕಿಲ್ಲ ಸರ್?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ, ಫಲಕದ ಅಂಚಿಗೂ ಒಳಭಾಗಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿಂದಲೇ ಹೇಳಬಹುದು. ನಡುವೆ ನಾಲ್ಕು ದಿನದ ಚುಕ್ಕೆಗಳು ಕಾಣೆಯಾದರೆ ಈ ಆಟ ಕೆಡುತ್ತದೆ. ಆದ್ದರಿಂದ ಭೂಕಂಪದ ಫೀಡ್ ಇನೋರೀಡರ್‌ನಲ್ಲಿದೆ.

ಶಾಲೆಯ ಕಂಪ್ಯೂಟರಿನಲ್ಲಿ, ಫೀಡನ್ನೂ ಓದಿಸುವ ಇಮೇಲ್ ತಂತ್ರಾಂಶ ಥಂಡರ್‌ಬರ್ಡನ್ನೂ ನೋಡಿದೆ. ಇಮೇಲ್‌ಗೆಂದೇ ಅದನ್ನು ತೆರೆಯುವವರಿಗೆ ಅನುಕೂಲ, ನನಗೆ ಬೇಕೆನಿಸಲಿಲ್ಲ.

ಯಾವುದನ್ನು ಹಿಡಿದರೂ ಫೀಡುಗಳ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಿ. ಗೂಗಲ್ ರೀಡರ್‌ನಂಥದ್ದೇ 2013ರ ಜುಲೈ 1ರಂದು ಮುಚ್ಚಿಹೋಯಿತು. ಕಡತ ಕೈಯಲ್ಲಿದ್ದರೆ ಬೇರೆ ರೀಡರ್‌ಗೆ ಹೋಗುವುದು ಕೆಲವೇ ನಿಮಿಷಗಳ ಕೆಲಸ.