ಎಚ್‌ಬಿ ಎಫ್ ಜಾಸ್ತಿ ಬಂತು ಅಂತ ಕೌಂಟರ್ ಮಾತು ನಂಬಿ ಕೆಡಬೇಡಿ

ನನ್ನ ತಂಗಿ ಆಗ ಮೂರು ತಿಂಗಳ ಬಸುರಿ. ಕಲಬುರಗಿಯ ಒಂದು ಲ್ಯಾಬ್‌ನಲ್ಲಿ ಎಚ್‌ಪಿಎಲ್‌ಸಿ ಅನ್ನೋ, ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ಅಳೆಯೋ ರಕ್ತಪರೀಕ್ಷೆ ಮಾಡಿಸಿದ್ದೆವು. ರಿಪೋರ್ಟ್ ತರೋಕೆ ನಾನೇ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಎಚ್‌ಬಿ ಎಫ್, ಅಂದರೆ ಎಫ್ ಬಗೆಯ ಹಿಮೋಗ್ಲೋಬಿನ್, ಅನ್ನೋ ಸಾಲಿಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ. ಶೇಕಡಾ 24.6. "ಒಂದರೊಳಗ ಇರಬೇಕ್ರಿ. ಇದು ಥಲಸ್ಸೇಮಿಯಾ, ವಂಶದಾಗ ಬರೋ ರಕ್ತದ ಬ್ಯಾನಿ. ಕೂಸಿಗೂ ಬರ್ತದ" ಅಂದ. ಅಷ್ಟೇ. ಮುಂದಿನವರನ್ನು ಕರೆದ.

ಆಮೇಲಿನ ಹತ್ತು ದಿನ ಯಾರಿಗೂ ಬೇಡ. ಅವ್ವ ಊಟ ಬಿಟ್ಟಳು. ಬೀಗರ ಕಡೆಯಿಂದ "ಮದುವೆಗಿಂತ ಮೊದಲೇ ಯಾಕ ಹೇಳಲಿಲ್ಲ" ಅನ್ನೋ ಮಾತು ಬಂತು. ಗರ್ಭ ತೆಗೆಸೋಣ ಅಂತ ದಿನ ಕೂಡ ನೋಡಿದ್ದರು. ತಂಗಿ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಹೈದರಾಬಾದಿನ ರಕ್ತರೋಗ ತಜ್ಞರ ಹತ್ತಿರ ಹೋಗಿದ್ದು ನಮ್ಮ ಪುಣ್ಯ. ಅವರು ನೀಲಿ ಸುತ್ತು ಬಿಟ್ಟು ಬೇರೆ ಸಾಲುಗಳನ್ನು ನೋಡಿದರು. ಹಿಮೋಗ್ಲೋಬಿನ್ 12.1. ಎಂಸಿವಿ 84, ಅಂದರೆ ಕೆಂಪುಕಣದ ಗಾತ್ರ ಸರಿಯಾಗಿದೆ. ಎ2 ಅನ್ನೋ ಇನ್ನೊಂದು ಬಗೆಯ ಹಿಮೋಗ್ಲೋಬಿನ್ ಬರೀ 1.8. ಸಾಮಾನ್ಯ ಬೀಟಾ ಥಲಸ್ಸೇಮಿಯಾ ವಾಹಕರಲ್ಲಿ ಕಣ ಸಣ್ಣದಿರುತ್ತದೆ, ಎ2 ಜಾಸ್ತಿ ಇರುತ್ತದೆ. "ನಿಮ್ಮ ತಂದೆಯವರದ್ದೂ ತಾಯಿಯವರದ್ದೂ ಮಾಡಿಸಿ" ಅಂದರು. ಅಪ್ಪನ ಎಫ್ 22 ಬಂತು! ಅರವತ್ತು ದಾಟಿದರೂ ಹೊಲದಲ್ಲಿ ದುಡಿಯುವ ಮನುಷ್ಯ, ಒಂದು ಬಾಟಲಿ ರಕ್ತ ಹಾಕಿಸಿಕೊಂಡವರಲ್ಲ.

ವಿಷಯ ಇಷ್ಟು. ಹೊಟ್ಟೆಯಲ್ಲಿರುವ ಕೂಸಿಗೆ ಎಫ್ ಹಿಮೋಗ್ಲೋಬಿನ್ನೇ ಮುಖ್ಯ. ಅದನ್ನು ಮಾಡಿಸೋ ಗಾಮಾ ಜೀನ್‌ಗಳು 11ನೇ ಕ್ರೋಮೋಸೋಮ್‌ನಲ್ಲಿವೆ. ಹುಟ್ಟಿದ ಮೇಲೆ ಅವು ಮಲಗುತ್ತವೆ, ಬೀಟಾ ಜೀನ್ ಕೆಲಸಕ್ಕೆ ಬರುತ್ತದೆ. ಹಾಗೆ ಮಲಗಿಸೋದರಲ್ಲಿ 2ನೇ ಕ್ರೋಮೋಸೋಮ್‌ನ ಬಿಸಿಎಲ್11ಎ ಅನ್ನೋ ಜೀನ್‌ಗೆ ದೊಡ್ಡ ಪಾತ್ರ. ಕೆಲವು ಮನೆತನಗಳಲ್ಲಿ 11ನೇ ಕ್ರೋಮೋಸೋಮ್‌ನ ಒಂದು ತುಣುಕು ಇರೋದಿಲ್ಲ, ಇಲ್ಲಾ ಗಾಮಾ ಜೀನ್ ಪಕ್ಕದ ಒಂದು ಅಕ್ಷರ ಬದಲಾಗಿರುತ್ತದೆ. ಆಗ ಗಾಮಾ ಎಚ್ಚರವಾಗೇ ಇರುತ್ತದೆ. ಇದಕ್ಕೆ ಎಚ್‌ಪಿಎಫ್‌ಎಚ್ ಅಂತಾರೆ. ಇದು ಮನೆತನದ ಗುಣ, ಕಾಯಿಲೆ ಅಲ್ಲ. ನಾವು ಯಾವುದಕ್ಕೆ ಅತ್ತೆವೋ, ಸಿಕಲ್ ಸೆಲ್ ಅನ್ನೋ ಇನ್ನೊಂದು ವಂಶದ ರಕ್ತರೋಗ ಇರುವವರಲ್ಲಿ ಅದನ್ನೇ ಹೆಚ್ಚಿಸೋಕೆ ಡಾಕ್ಟರುಗಳು ಹೈಡ್ರಾಕ್ಸಿಯೂರಿಯಾ ಅನ್ನೋ ಔಷಧಿ ಕೊಡುತ್ತಾರೆ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿದ ಕ್ಯಾಸ್‌ಜೆವಿ ಚಿಕಿತ್ಸೆ ಬಿಸಿಎಲ್11ಎ ಜೀನನ್ನೇ ತಿದ್ದಿ ಎಫ್ ಏರಿಸುತ್ತದೆ.

ಹಾಗಂತ ಜಾಸ್ತಿ ಎಫ್ ಅಂದ್ರೆಲ್ಲಾ ಒಳ್ಳೇದು ಅಂತ ಸುಮ್ನೆ ಕೂರಬೇಡಿ. ಡೆಲ್ಟಾ ಬೀಟಾ ಥಲಸ್ಸೇಮಿಯಾದಲ್ಲೂ ಎಫ್ ಏರುತ್ತದೆ, ಎ2 ಏರೋದಿಲ್ಲ. ಕಾಗದದ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ. ಬಿಡಿಸಿ ಹೇಳೋದು ಡಿಎನ್ಎ ಪರೀಕ್ಷೆ. ಗಂಡನ ರಕ್ತಪರೀಕ್ಷೆಯೂ ಅದೇ ವಾರ ಆಗಲೇಬೇಕು. ಅವರಿಗೆ ಬೀಟಾ ಥಲಸ್ಸೇಮಿಯಾ ಅಥವಾ ಸಿಕಲ್ ಗುಣ ಇದ್ದರೆ ಕೂಸಿನ ಲೆಕ್ಕ ಬದಲಾಗುತ್ತದೆ. ತಂಗಿಯ ಗಂಡನದು ಸರಿ ಇತ್ತು. ತಂಗಿಯ ಡಿಎನ್ಎ ರಿಪೋರ್ಟ್ ಎಚ್‌ಪಿಎಫ್‌ಎಚ್ ಅಂತ ಬಂತು.

ನೀಲಿ ಸುತ್ತಿನ ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅದನ್ನು ಹಿಡಿದು ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕಿತ್ತು, ಮನೆಗೆ ಹೋದೆ. ನೀವು ಹಾಗೆ ಮಾಡಬೇಡಿ. ತಮ್ಮನಿಗೂ ಮದುವೆಗೆ ಮುಂಚೆ ಮಾಡಿಸಿದೆವು. ಅಪ್ಪನಿಂದ ಮಕ್ಕಳಿಗೆ ಈ ಗುಣ ಬರೋ ಸಾಧ್ಯತೆ ಅರ್ಧಕ್ಕರ್ಧ ಅಲ್ವಾ, ಅವನಿಗೆ ಬಂದಿಲ್ಲ, ಅವನ ಎಫ್ 0.6.